ಹೊಲಿಸದ ರವಿಕೆ ಕಣ

ಹೊಸ ಕಾಗದವನ್ನು ಹಳೆಯದಾಗಿ ಕಾಣಿಸಲು ಶೋಭಾರಾಣಿ ಅದನ್ನು ಟೀ ಡಿಕಾಕ್ಷನ್ನಿನಲ್ಲಿ ಅದ್ದಿ ಜಗಲಿಯ ಮೇಲೆ ಒಣಹಾಕುತ್ತಿದ್ದಳು. ಒಣಗಿದ ಮೇಲೆ ಹಾಳೆಗಳನ್ನು ಹೊಲಿದು, ರಟ್ಟಿಗೆ ಹಳೆಯ ಬಟ್ಟೆ ಅಂಟಿಸಿ, ಅಂಚಿಗೆ ಸವೆದ ಜರಿಯನ್ನೋ ಬಣ್ಣಗೆಟ್ಟ ಗುಂಡಿಯನ್ನೋ ಕೂರಿಸಿದರೆ ಒಂದು ಡೈರಿ ಸಿದ್ಧ. ಮಂಡ್ಯದಲ್ಲಿ ಉಡುಗೊರೆ ಅಂಗಡಿ ಇಟ್ಟಿದ್ದ ಚಂದನ ಇವನ್ನು ಕೊಂಡು, ಅಜ್ಜಿಯ ಕಾಲದ್ದೆಂಬಂತೆ ಕಾಣುವ ಡೈರಿಗಳೆಂದು ಮಾರುತ್ತಿದ್ದಳು.

ಅತ್ತೆ ಚಿಕ್ಕಲಕ್ಷ್ಮಮ್ಮ ಇದನ್ನೆಲ್ಲ ಕಂಬಕ್ಕೊರಗಿ ಕೂತು ನೋಡುತ್ತಿದ್ದಳು.

"ಅಲ್ಲ ಕಣಮ್ಮಿ, ಒಸ ಕಾಗ್ದವ ಅಳೇದು ಮಾಡ್ತಿಯಲ್ಲ, ನನ್ನ ಅದ್ದಿ ತಗುದ್ರೆ ಒಸದಾಯ್ತೀನಾ?"

"ಟೀಪುಡಿ ಸಾಲಲ್ಲ ಅತ್ತೆ."

ಈ ಸಲ ಚಂದನ ನಿಜವಾಗಿಯೂ ಹಳೆಯ ಬಟ್ಟೆಯೇ ಬೇಕು ಎಂದಿದ್ದಳು. ಕಿರುಗಾವಲಿನ ಆ ಮನೆಯಲ್ಲಿ ಅಂಥ ಬಟ್ಟೆ ಇದ್ದದ್ದು ಅತ್ತೆಯ ಟ್ರಂಕಿನಲ್ಲಿ. ಅದರ ತುಂಬ ರವಿಕೆ ಕಣಗಳು. ಮನೆಮಗಳು ಬಂದು ಹೊರಡುವಾಗ ಮಡಿಲಿಗೆ ಅಕ್ಕಿ, ಬೆಲ್ಲ, ಕಾಯಿ, ಎಲೆ ಅಡಿಕೆಯ ಜೊತೆ ಒಂದು ರವಿಕೆ ಕಣ ಹಾಕಬೇಕು. ಅವಳು ಅದನ್ನು ಹೊಲಿಸುವುದಿಲ್ಲ. ತನ್ನ ಮನೆಗೆ ಬಂದವಳ ಮಡಿಲಿಗೆ ಹಾಕುತ್ತಾಳೆ. ಹೀಗೆ ಆ ಕಣಗಳು ಮಳವಳ್ಳಿಯಿಂದ ಮದ್ದೂರಿಗೆ, ಮದ್ದೂರಿನಿಂದ ಬಸರಾಳಿಗೆ, ಬಸ್ಸು ಹೋಗುವ ಎಲ್ಲ ಕಡೆಗೂ ಹೋಗಿ ಬರುತ್ತಿದ್ದವು. ಯಾರ ಮೈಯನ್ನೂ ಮುಟ್ಟುತ್ತಿರಲಿಲ್ಲ.

ಅವುಗಳಲ್ಲಿ ಒಂದು ಶೋಭಾರಾಣಿಯದು. ಅವಳು ಮದುವೆಯಾಗಿ ಬಸರಾಳಿನಿಂದ ಬರುವಾಗ ಅವ್ವ ಗಿಣಿಹಸಿರು ಕಣವೊಂದನ್ನು ಮಡಿಲಿಗೆ ಹಾಕಿದ್ದಳು. ತನ್ನ ಬಟ್ಟೆಗಳಿಗೆಲ್ಲ ಹಾಕುವಂತೆ ಅದರ ಮೂಲೆಗೂ ಕೆಂಪು ದಾರದ ಎರಡು ಹೊಲಿಗೆ ಹಾಕಿದ್ದಳು. ಶೋಭಾರಾಣಿ ಅದನ್ನು ಹೊಲಿಸಿ ತೊಡಬೇಕೆಂದಿದ್ದಳು. ತಿಂಗಳು ತುಂಬುವುದರೊಳಗೆ ಸೋಮನಹಳ್ಳಿಯಿಂದ ಬಂದಿದ್ದ ನಾದಿನಿ ಪಟ್ಟಲಮ್ಮನ ಮಡಿಲಿಗೆ ಅತ್ತೆ ಅದನ್ನೇ ಹಾಕಿದಳು, ಪಟ್ಟಲಮ್ಮ ಕಟ್ಟಿಕೊಂಡು ಬಸ್ಸು ಹತ್ತಿದಳು. ಹೊಸ ಸೊಸೆ ಬಾಯಿ ಬಿಡಲಿಲ್ಲ. ಆಮೇಲೆ ಅವ್ವನೂ ಹೋದಳು. ಅಂದಿನಿಂದ ಯಾರು ಕಣ ಕೊಟ್ಟರೂ ಶೋಭಾರಾಣಿ ಮೊದಲು ಮೂಲೆ ಮಗುಚಿ ನೋಡುತ್ತಿದ್ದಳು. ಬಟ್ಟೆಯ ಗುಣ ನೋಡುತ್ತಾಳೆ, ಬಲು ಜಾಣೆ ಎಂದು ನೆಂಟರು ಮೆಚ್ಚಿಕೊಂಡಿದ್ದರು.

ಚಂದನ ಎರಡು ಸಲ ಫೋನು ಮಾಡಿದ ಮೇಲೆ ಅತ್ತೆ ಟ್ರಂಕಿನ ಬೀಗದ ಕೈ ಕೊಟ್ಟಳು. ಗಿಣಿಹಸಿರು ತಳದಲ್ಲಿತ್ತು, ಕೆಂಪು ಹೊಲಿಗೆಯ ಸಮೇತ. ಯಾವ ನಾಮಕರಣದಲ್ಲಿ, ಯಾರ ಕೈಯಿಂದ ಅತ್ತೆಯ ಮಡಿಲಿಗೆ ಬಂತೋ. ಮಡಿಕೆಗಳಲ್ಲಿ ಬಟ್ಟೆ ಸೀಳಿತ್ತು. ಸೀಳದಿದ್ದರೂ ಈಗಿನ ಶೋಭಾರಾಣಿಗೆ ಅದು ಒಂದು ತೋಳಿಗಷ್ಟೇ ಸಾಲುತ್ತಿತ್ತು. ಅವಳು ಅಳಲಿಲ್ಲ. ಒಲೆಯ ಮೇಲೆ ಮೈದಾ ಅಂಟು ಕುದಿಯುತ್ತಿತ್ತು, ಬಿಟ್ಟರೆ ಗಂಟಾಗುತ್ತದೆ. ಚಂದನಳಿಗೆ ಕೊಡುವ ಡೈರಿಗಳನ್ನೆಲ್ಲ ಮುಗಿಸಿ, ಕೊನೆಗೆ ಹಸಿರು ಬಟ್ಟೆಯದೊಂದನ್ನು ತನಗೆಂದು ಮಾಡಿದಳು. ಕೆಂಪು ಹೊಲಿಗೆ ಕೆಳಗಿನ ಮೂಲೆಯಲ್ಲಿ ಕಾಣುವಂತೆ ಬಟ್ಟೆ ಎಳೆದು ಅಂಟಿಸಿ, ಎಲ್ಲದರ ಮೇಲೂ ರಾಗಿಕಲ್ಲು ಹೇರಿದಳು.

ಕಲ್ಲು ಇಳಿಸಿದ ದಿನವೇ ಪಟ್ಟಲಮ್ಮ ಬಂದಳು. ಬಾಡಿನ ಸಾರುಂಡು, ಸೋಮನಹಳ್ಳಿಯ ಸುದ್ದಿ ಮುಗಿಸಿ, ಹೊರಡುತ್ತೇನೆಂದು ಎದ್ದಳು. ಅತ್ತೆ ಟ್ರಂಕು ತೆಗೆದಳು. ಖಾಲಿ. ಟ್ರಂಕನ್ನೂ ಸೊಸೆಯನ್ನೂ ಒಮ್ಮೆ ನೋಡಿ, ಮೊರಕ್ಕೆ ಅಕ್ಕಿ ಬೆಲ್ಲ ಹಾಕಿ, ಮೇಲೊಂದು ಡೈರಿ ಇಟ್ಟು ಸೊಸೆಯ ಕೈಗೆ ಕೊಟ್ಟಳು.

"ಇದೇನತ್ಗೆ ಬುಕ್ಕು? ನಾನೇನು ಇಸ್ಕೂಲ್ಗೋಯ್ತೀನಾ?" ಎಂದಳು ಪಟ್ಟಲಮ್ಮ.

"ಮ್ಯಾಗಡೆ ಕಣ ಅಂಟ್ಸವ್ಳೆ ಕಣವ್ವ. ಅದ್ನೂ ನೀನು ಒಲಿಸ್ತಿರ್ನಿಲ್ಲ, ಇದ್ನೂ ನೀನು ಓದಕಿಲ್ಲ. ಇಸ್ಕೊ."

ಪಟ್ಟಲಮ್ಮ ಸೆರಗೊಡ್ಡಿದಳು. ಶೋಭಾರಾಣಿ ಮೊರ ನೋಡಿದಳು. ಮನೆಮಗಳಿಗೆ ಒಳ್ಳೆಯದನ್ನೇ ಕೊಡಬೇಕೆಂದು ಅತ್ತೆ ಹಸಿರನ್ನೇ ಆರಿಸಿದ್ದಳು. ಶೋಭಾರಾಣಿ ಮೊರ ಕೆಳಗಿಟ್ಟು, ಡೈರಿಯನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡಳು.

"ಇದು ನಂದು."

"ಮಡ್ಲಿಗಿಕ್ಕೋದ್ನ ವಾಪಸ್ ತಗತಾರೇನಮ್ಮಿ? ಯಾರಾರ ಕಂಡ್ರೆ ಏನಂದಾರು?" ಅತ್ತೆಯ ದನಿ ಏರಿತು.

"ನಮ್ಮವ್ವ ಕೊಟ್ಟಿದ್ದು. ಗುರ್ತದೆ, ನೋಡಿ."

ಪಟ್ಟಲಮ್ಮ ಸೆರಗು ಒಡ್ಡಿಕೊಂಡೇ ಬಗ್ಗಿ ನೋಡಿದಳು. "ಅಯ್, ಈ ಗಿಣಿ ಅಸ್ರು ನಂಗೇ ಕೊಟ್ಟಿದ್ರಲ್ಲತ್ಗೆ! ನಾನು ನಮ್ ಬೀಗ್ತಿಗೆ ದಾಟಿಸ್ದೆ. ಚೆನ್ನಾಗಿರ್ನಿಲ್ಲ."

ಅತ್ತೆ ಸೊಸೆಯ ಕಡೆ ತಿರುಗಿದಳು. "ಅವತ್ತೇ ಬಾಯ್ಬುಟ್ಟು ಯೋಳ್ಬಾರ್ದಾಗಿತ್ತಾ?"

"ನೀವು ಕೇಳ್ನಿಲ್ಲ."

ಅಡುಗೆಮನೆಯಲ್ಲಿ ಬೆಕ್ಕು ಏನನ್ನೋ ಉರುಳಿಸಿತು. ಯಾರೂ ಓಡಿಸಲು ಹೋಗಲಿಲ್ಲ.

"ನಂದೂ ಒಂದಿತ್ತು," ಎಂದಳು ಚಿಕ್ಕಲಕ್ಷ್ಮಮ್ಮ. "ನೇರ್ಳೆ ಬಣ್ಣುದ್ದು. ನಮ್ಮತ್ತೆ ಯಾರ್ ಮಡ್ಲಿಗಿಕ್ಕುದ್ಲೋ."

"ಗುರ್ತು ಏನಿತ್ತು ಅತ್ತೆ?"

"ಗುರ್ತೂ ಇಲ್ಲ ಗಿರ್ತೂ ಇಲ್ಲ. ಕಂಡ್ರೆ ಗೊತ್ತಾಯ್ತದೆ." ಅವಳು ಹಳದಿ ಹೂವಿನ ಡೈರಿಯೊಂದನ್ನು ಮೊರದ ಮೇಲಿಟ್ಟಳು. "ತುಂಬು ಬಿರ್ನೆ. ಬಸ್ ಬತ್ತದೆ."

ದೀಪಾವಳಿ ಕಳೆದು, ಮದ್ದೂರಿನ ನೆಂಟರ ಮನೆಯ ನಾಮಕರಣದಲ್ಲಿ ಶೋಭಾರಾಣಿಯ ಮಡಿಲಿಗೆ ಅಕ್ಕಿ ಬೆಲ್ಲದ ಜೊತೆ ಹಳದಿ ಹೂವಿನ ಡೈರಿ ಬಿತ್ತು. ಒಳಗೆ ಒಂದಕ್ಷರವೂ ಇರಲಿಲ್ಲ, ಅಲ್ಲಲ್ಲಿ ಅರಿಶಿನದ ಬೆರಳಚ್ಚು ಇತ್ತು. ಈಗ ಅದು ನಿಜವಾಗಿಯೂ ಹಳೆಯದಾಗಿ ಕಾಣುತ್ತಿತ್ತು.

ಮನೆಗೆ ಬಂದ ಮೇಲೆ ಚಿಕ್ಕಲಕ್ಷ್ಮಮ್ಮ ಅದನ್ನು ಇಸಿದುಕೊಂಡು ಬಾಗಿಲ ಬೆಳಕಿಗೆ ಹೋದಳು. ರಟ್ಟಿನ ಒಳಬದಿಗೆ ಮಡಿಚಿ ಅಂಟಿಸಿದ್ದ ಅಂಚನ್ನು ಉಗುರಿನಿಂದ ಎಬ್ಬಿಸಿ, ಹೂವಿನ ಹಿಂದಿನ ಮಾಸಿದ ಬಣ್ಣ ಒಳಗೆ ನೇರಳೆಯೇನೋ ಎಂದು ಮೂಲೆ ಮಗುಚಿ ಮಗುಚಿ ನೋಡಿದಳು.

"ಇದಲ್ಲ," ಎಂದು ಟ್ರಂಕಿನಲ್ಲಿಟ್ಟಳು.