ಒದ್ದೆ ಕೊಳವೆ

ತೊಮೊಯೆ ಬೆಳೆಸಿದ ಹರಳು ಅಂದರೆ ಕಣ್ಣು ಮುಚ್ಚಿ ತಗೊಳ್ಳಬಹುದು ಅನ್ನೋ ಮಾತು ಜಪಾನಿನ ಕೊಫು ಊರಿನ ಆ ಪ್ರಯೋಗಾಲಯದಲ್ಲಿತ್ತು. ಕಬ್ಬಿಣದ ಆಕ್ಸೈಡಿನ ಹರಳುಗಳು: ಅಯಸ್ಕಾಂತದ ಗುಣವಿದೆ, ಕರೆಂಟು ಮಾತ್ರ ಹರಿಯುವುದಿಲ್ಲ. ಮೂವತ್ತೆಂಟು ವರ್ಷ ಅದೇ ಕೆಲಸ, ಮಾರ್ಚ್ ಕೊನೆಗೆ ನಿವೃತ್ತಿ. ಹೆಸರು ಕೆಡಿಸಿಕೊಳ್ಳದೆ ಮನೆಗೆ ಹೋದರೆ ಸಾಕು ಅನ್ನೋದೊಂದೇ ಆಸೆ. ದುರಾಸೆಯೇನಲ್ಲ ಬಿಡಿ.

ಜನವರಿಯಲ್ಲೊಂದು ಬೆಳಿಗ್ಗೆ ಮಿನೆಗಿಶಿ ಓಡೋಡಿ ಬಂದ. ಆಕೆಯ ಹರಳುಗಳನ್ನು ಅಳೆಯುವ ಸಂಶೋಧಕ. ಅವನ ಕೆಲಸದ ಕರಾರೂ ಅದೇ ಮಾರ್ಚಿಗೆ ಮುಗಿಯುತ್ತಿತ್ತು.

"ತೊಮೊಯೆ-ಸಾನ್, ಸಿಕ್ತು! ಹೊಸ ಹರಳಿನ ಕಾಂತಗುಣಾನೇ ಬೇರೆ. ಕರೆಂಟೂ ಸಣ್ಣಗೆ ಹರೀತಿದೆ! ಯಾರೂ ಕಂಡಿಲ್ಲ ಇದನ್ನ. ವಸಂತದ ಸಮ್ಮೇಳನದಲ್ಲಿ ಹೇಳಿದ್ರೆ ನನ್ನ ಕೆಲಸ ಉಳೀತು ಅಂತಾನೇ ಲೆಕ್ಕ."

ತೊಮೊಯೆ ತೆಳ್ಳಗೆ ಕೊಯ್ದ ಚೂರನ್ನು ಬೆಳಕಿಗೆ ಹಿಡಿದಳು. ಹಸಿರಾಗಿ ಹೊಳೆಯಬೇಕಿದ್ದದ್ದು ಮಂಕಾಗಿತ್ತು. ಆಕೆಗೆ ಡಿಸೆಂಬರ್ ಕೊನೆಯ ಸ್ವಚ್ಛತೆ ನೆನಪಾಯಿತು.

ವರ್ಷದ ಕೊನೆಯ ದೊಡ್ಡ ಸ್ವಚ್ಛತೆಯ ದಿನ ಎಲ್ಲರೂ ತಲೆಗೆ ಬಟ್ಟೆ ಕಟ್ಟಿಕೊಂಡು ಉಜ್ಜುವಾಗ ಆಕೆ ಸುಮ್ಮನಿರುವವಳೇ? ಹರಳು ಬೆಳೆಸುವ ಕುಲುಮೆಗೆ ಆಮ್ಲಜನಕ ಹೋಗುವ ಗಾಜಿನ ಕೊಳವೆಯನ್ನೂ ಬಿಚ್ಚಿ ತೊಳೆದಿದ್ದಳು. ತೇವ ಹೀರುವ ನೀಲಿ ಮಣಿಗಳನ್ನು ಅದರೊಳಗೆ ತಿರುಗಿ ಸುರಿದು ಜೋಡಿಸಿದ್ದಳು. ಒಣಗಿತ್ತೇ? ವರ್ಷದ ಕೊನೆಯ ಸೋಬಾ ಶಾವಿಗೆ ಆರಿಹೋಗುತ್ತೆ ಬನ್ನಿ ಅಂತ ಎಲ್ಲರೂ ಕೂಗುತ್ತಿದ್ದರು, ನೋಡಲೇ ಇಲ್ಲ. ಈಗ ಹೋಗಿ ನೋಡಿದರೆ ಮಣಿಗಳೆಲ್ಲ ಗುಲಾಬಿ. ತೇವ ಕುಡಿದರೆ ಬರುವ ಬಣ್ಣ ಅದು.

ಕೊಳವೆಯಲ್ಲುಳಿದ ನೀರು ಆವಿಯಾಗಿ ಕುಲುಮೆ ಸೇರಿತ್ತು. ಆ ಆವಿಯ ಜಲಜನಕ ಹರಳಿನೊಳಗೆ ನುಸುಳಿದರೆ ತನ್ನ ಎಲೆಕ್ಟ್ರಾನನ್ನು ಕಬ್ಬಿಣದ ಕೈಗಿತ್ತು ಕೂತುಬಿಡುತ್ತದೆ. ಕಬ್ಬಿಣದ ಸ್ವಭಾವವೇ ಬದಲಾಗುತ್ತದೆ. ಹೊಸ ಶೋಧವೂ ಇಲ್ಲ, ಮಣ್ಣೂ ಇಲ್ಲ.

ಬಾಯಿ ಬಿಡದಿದ್ದರೆ ಯಾರಿಗೂ ಗೊತ್ತಾಗದು, ಮಾರ್ಚ್ ಎಷ್ಟು ದೂರ? ಎರಡು ದಿನ ಅನ್ನ ಸೇರಲಿಲ್ಲ. ಮೂರನೇ ದಿನ ಅದೇ ಹರಳನ್ನು ಒಣ ಆಮ್ಲಜನಕದಲ್ಲಿ ಮತ್ತೆ ಕಾಯಿಸಿದಳು. ಜಲಜನಕ ಹೊರಬಿದ್ದು ಹಸಿರು ಮರಳಿ ಬಂತು. ಮಿನೆಗಿಶಿಯ ಮೇಜಿನ ಮೇಲಿಟ್ಟು ನಡು ಬಗ್ಗಿಸಿ ನಿಂತಳು.

"ಅಳೆದು ನೋಡಪ್ಪಾ. ನೀನು ಕಂಡಿದ್ದು ಇರಲ್ಲ. ಕೊಳವೆ ತೊಳೆದು ಒರೆಸದೆ ಹಾಕಿದೋಳು ನಾನೇ. ಕ್ಷಮಿಸು."

ಅವನ ಮುಖ ಬಿಳಿಚಿತು. "ಹೇಳದೇ ಇದ್ದಿದ್ರೆ ಏನಾಗ್ತಿತ್ತು ನಿಮಗೆ?" ಅಂದ. ಆಮೇಲೆ ಐದು ದಿನ ಇತ್ತ ತಲೆ ಹಾಕಲಿಲ್ಲ. ಅವನ ಹೊಟ್ಟೆಯ ಮೇಲೆ ಹೊಡೆದೆನಲ್ಲ ಎಂದು ಆಕೆ ಒಬ್ಬಳೇ ಅತ್ತಳು.

ಆರನೇ ದಿನ ಬಂದ. ಕಣ್ಣು ಕೆಂಪಗಿತ್ತು, ಕೈಯಲ್ಲಿ ಅದೇ ಕೊಳವೆ.

"ಇದನ್ನ ತೊಳೀರಿ."

"ಏನಂದೆ?"

"ಆವತ್ತು ತೊಳೆದ ಹಾಗೇ ತೊಳೀರಿ. ಆವತ್ತು ಎಷ್ಟು ನೀರು ಉಳಿದಿತ್ತೋ ಅಷ್ಟೇ ಉಳೀಬೇಕು. ಆಮೇಲೆ ಸ್ವಲ್ಪ ಕಮ್ಮಿ, ಸ್ವಲ್ಪ ಜಾಸ್ತಿ. ಜಲಜನಕ ಎಷ್ಟು ಹೊಕ್ಕರೆ ಕಾಂತಗುಣ ಎಷ್ಟು ಕೆಡುತ್ತೆ ಅಂತ ಅಳೀತೀನಿ. ಅದನ್ನೇ ಸಮ್ಮೇಳನದಲ್ಲಿ ಹೇಳ್ತೀನಿ, ನಿಮ್ಮ ಹೆಸರೂ ಹಾಕಿ."

"ಹೋಗೋ ಕಾಲಕ್ಕೆ ಮಾನ ಕಳೀತೀಯಲ್ಲೋ!"

"ಸರಿಯಾದ ಹರಳು ಯಾರಾದ್ರೂ ಬೆಳೆಸ್ತಾರೆ, ತೊಮೊಯೆ-ಸಾನ್. ಆವತ್ತಿನ ಹಾಗೆ ಕೆಡಿಸೋಕೆ ನಿಮ್ಮನ್ನ ಬಿಟ್ರೆ ಯಾರಿಗೆ ಬರುತ್ತೆ?"

ತೊಮೊಯೆಗೆ ನಗು ಬಂತು, ಅಳುವೂ ಬಂತು. "ಒಣಗಿಸಿ, ಒಣಗಿಸಿ ಅಂತ ಇಷ್ಟು ವರ್ಷ ಎಲ್ಲರ ಪ್ರಾಣ ತಿಂದೆ" ಅಂದುಕೊಂಡೇ ನಲ್ಲಿ ತಿರುಗಿಸಿದಳು. ತೋಳಿನಿಂದ ಕಣ್ಣೊರೆಸಿಕೊಂಡಳು. ಕೊಳವೆಯನ್ನು ಒರೆಸಲಿಲ್ಲ.