ಮಾಯಮ್ಮನ ಹೆಬ್ಬೆಟ್ಟು

ಬೆಳ್ಳೂರಿನ ಹುಣಸೆಮರಗಳ ಮೇಲೆ ಕೊಕ್ಕರೆಗಳು ರಾಜ್ಯವಾಳುತ್ತಿದ್ದ ಕಾಲದಲ್ಲಿ ಒಬ್ಬ ಮುದುಕಿ ಇದ್ದಳಂತೆ. ಅವಳ ಪ್ರಾಣ ಎದೆಯಲ್ಲಿರಲಿಲ್ಲ, ಹೆಬ್ಬೆಟ್ಟಿನಲ್ಲಿತ್ತಂತೆ. ಅದು ಗೊತ್ತಾಗಿ ಒಬ್ಬ ರಾಕ್ಷಸ ಕಲ್ಲು ಹಿಡಿದು ಬಂದನಂತೆ.

ಆ ಕಾಲ ಎಂದರೆ ಹೋದ ಬೇಸಿಗೆ. ಮುದುಕಿ ನನ್ನಜ್ಜಿ ಮಾಯಮ್ಮ. ರಾಕ್ಷಸ ಅವಳೇ ಹೆತ್ತ ಮಗ, ನನ್ನ ದೊಡ್ಡಪ್ಪ ಚಲುವರಾಜು.

ಅಪ್ಪ ಇಲ್ಲದ ನನಗೆ ಮಂಡ್ಯದಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು. ಫೀಸಿಗೆ ಸರ್ಕಾರದ ಸಾಲವೂ ಮಂಜೂರಾಗಿತ್ತು. ಅಜ್ಜಿ ತನ್ನ ಹೆಸರಿನ ಗದ್ದೆಯನ್ನು ಅಡಮಾನವಿಟ್ಟು ಮಂಡ್ಯದ ಸಾಲದ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತುವುದೊಂದೇ ಬಾಕಿ. ನನ್ನವ್ವ ಸಾಯುವಾಗ ಅಜ್ಜಿ ಅವಳ ಕೈ ಹಿಡಿದು, “ದೀಪಿಕನ್ನ ಓದುಸ್ತೀನಿ, ನೀ ನೆಮ್ಮದಿಯಾಗ್ ಓಗು” ಅಂದಿದ್ದಳು. ದೊಡ್ಡಪ್ಪ ಅದೇ ಗದ್ದೆಯನ್ನು ಲೇಔಟಿನವರಿಗೆ ಮಾರಲು ಮಾತಾಡಿಕೊಂಡಿದ್ದ. ಅಡಮಾನಕ್ಕೆ ಬಿದ್ದರೆ ಅವರು ಮುಟ್ಟುವುದಿಲ್ಲ.

ಹೊರಡುವ ಬೆಳಿಗ್ಗೆ ಅಜ್ಜಿ ಒರಳಿನ ಮುಂದೆ ಕೂತು ಚಟ್ನಿ ರುಬ್ಬುತ್ತಿದ್ದಳು. ದೊಡ್ಡಪ್ಪ ಹಿತ್ತಿಲ ಬಾಗಿಲಿಂದ ಬಂದ.

“ಎಲ್ಲಿಗವ್ವ ಸವಾರಿ?”

“ಮಂಡ್ಯಕ್ಕೆ ಕಣ್ಲಾ. ಗೊತ್ತಿದ್ದೂ ಯಾಕ್ ಕೇಳೀಯೆ?”

“ಈ ಮುಂಡೇದು ಸೂಜಿ ಚುಚ್ಚೋದ್ ಕಲಿಯಕ್ಕೆ ನನ್ ಗದ್ದೆ ಬೇಕಾ?”

“ನಿನ್ ಗದ್ದೆಯಾ? ನಾನಿನ್ನೂ ಸತ್ತಿಲ್ಲ ಕಣ್ಲಾ ಚಲುವ. ಸತ್ತಾಗ ಬಾ, ಬಾಯಿಗ್ ಅಕ್ಕಿ ಹಾಕ್ಬುಟ್ಟು ಓಗುವಂತೆ.”

ಅವನು ಅಜ್ಜಿಯ ತುರುಬಿಗೆ ಕೈ ಹಾಕಿ ಅವಳನ್ನು ನೆಲಕ್ಕೆ ಕೆಡವಿದ. ಅಡ್ಡ ಹೋದ ನನ್ನ ಹೊಟ್ಟೆಗೆ ಒದ್ದ. ಹೊಸಿಲಿಗೆ ಬಾಯಿ ಬಡಿದು ನನ್ನ ಹಲ್ಲು ಮುರಿಯಿತು. ಅಜ್ಜಿಯ ಕತೆಗಳಲ್ಲಿ ಈ ಹೊತ್ತಿಗೆ ಕೊಕ್ಕರೆ ಹಾರಿಬಂದು ರಾಕ್ಷಸನ ಕಣ್ಣು ಕುಕ್ಕಬೇಕು. ನಾನು ಬಾಗಿಲತ್ತ ನೋಡಿದೆ. ಯಾವುದೂ ಬರಲಿಲ್ಲ.

ಅವನು ಅವಳ ಬಲಗೈಯನ್ನು ಒರಳಿನ ಅಂಚಿಗೆ ಒತ್ತಿ ಹಿಡಿದು, ಗುಂಡುಕಲ್ಲು ಎತ್ತಿ ಹೆಬ್ಬೆಟ್ಟಿನ ಮೇಲೆ ಹಾಕಿದ. ಕಬ್ಬು ಮುರಿದ ಸದ್ದಾಯಿತು. ಅಜ್ಜಿ ಕೂಗಿದ್ದಕ್ಕೆ ಕೊಟ್ಟಿಗೆಯ ಹಸು ಹಗ್ಗ ಜಗ್ಗಿತು. ನಾನು ತೆವಳಿಕೊಂಡು ಹೋಗಿ ಅವನ ಮೀನಖಂಡವನ್ನು ಕಚ್ಚಿದೆ. ಬಾಯಿ ತುಂಬಿದ ರಕ್ತ ಯಾರದೋ.

“ಎಬ್ಬೆಟ್ಟು ಒತ್ತೋಗು ಈಗ,” ಅಂದು, ನನ್ನನ್ನು ಕೊಡವಿ, ತೊಟ್ಟಿಯಲ್ಲಿ ಕೈ ತೊಳೆದುಕೊಂಡು ಹೋದ.

“ಮದ್ದೂರಾಸ್ಪತ್ರೆಗೆ ಓಗಾಣ ಅಜ್ಜಿ.”

“ಮದ್ದೂರಲ್ಲಿ ನಾನಿಳಿಯಾಕಿಲ್ಲ. ಮೊದ್ಲು ಮಂಡ್ಯ.”

ಬಸ್ಸಿನಲ್ಲಿ ಸೆರಗು ಸುತ್ತಿದ ಕೈ ತೊಟ್ಟಿಕ್ಕುತ್ತಿತ್ತು. ಕಂಡಕ್ಟರ್ ಬಗ್ಗಿ ನೋಡಿದ. “ಏನಜ್ಜಿ, ಕೋಳಿ ಕುಯ್ದಾ?”

“ಊ ಕಣಪ್ಪ, ಉಂಜ. ಇನ್ನೂ ಒದ್ದಾಡ್ತಾ ಅದೆ.”

ಕಚೇರಿಯಲ್ಲಿ ದೊಡ್ಡಪ್ಪ ನಮಗಿಂತ ಮೊದಲೇ ಬಂದು ಕೂತಿದ್ದ. “ತೋರ್ಸವ್ವ ಮೇಡಂಗೆ, ನಿನ್ನೆಬ್ಬೆಟ್ಟ,” ಎಂದು ನಕ್ಕ.

ಅಧಿಕಾರಿ ವೀಣ ರಕ್ತ ನೋಡಿ ಎದ್ದು ನಿಂತರು. “ಯಾರು ಮಾಡಿದ್ದು ಇದು? ಪೊಲೀಸಿಗೆ ಫೋನ್ ಮಾಡ್ತೀನಿ.”

“ಅದಾಮೇಲೆ ಕಣವ್ವ. ಮೊದ್ಲು ಮಸಿ ಕೊಡು.”

ವೀಣ ಮಸಿಯ ಡಬ್ಬಿ ತಳ್ಳಿದರು. “ಎಡಗೈ ಕೊಡಿ ಅಜ್ಜಿ.”

ದೊಡ್ಡಪ್ಪನ ನಗು ನಿಂತಿತು. ಸ್ಕೂಲಿಗೆ ಹೋದಾಗಿನಿಂದ ಅವನು ಬಲಗೈಯಲ್ಲಿ ಸಹಿ ಹಾಕುತ್ತ ಬಂದವನು. ಹೆಬ್ಬೆಟ್ಟೂ ಬಲಗೈಯದೇ ಅಂದುಕೊಂಡಿದ್ದ; ಕಚೇರಿಯವರು ಕೇಳುವುದು ಎಡಗೈಯದನ್ನು. ಟೇಬಲ್ಲಿನ ಮೇಲೆ ಹಾರಿ ಅಜ್ಜಿಯ ಎಡ ಮಣಿಕಟ್ಟನ್ನು ಹಿಡಿದು ತಿರುಚಿದ. ಕೈಗೆ ಸಿಕ್ಕಿದ ಪಂಚಿಂಗ್ ಮಿಷನ್ನನ್ನು ನಾನು ಅವನ ಗೆಣ್ಣುಗಳ ಮೇಲೆ ಬಡಿದೆ. ಬಿಡಲಿಲ್ಲ. ಮತ್ತೆ ಬಡಿದೆ, ಚರ್ಮ ಸುಲಿದು ಮೂಳೆ ಬೆಳ್ಳಗೆ ಕಾಣುವವರೆಗೆ. ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ಜವಾನರು ಅವನ ಕುತ್ತಿಗೆ ಹಿಡಿದು ನೆಲಕ್ಕೆ ಅಮುಕಿದರು.

“ಅವ್ವಾ, ಬ್ಯಾಡ ಕಣವ್ವ!”

ಅಜ್ಜಿ ಎಡಗೈ ಹೆಬ್ಬೆಟ್ಟನ್ನು ಮಸಿಯಲ್ಲಿ ಹೊರಳಿಸಿ, ಅವನನ್ನೇ ನೋಡುತ್ತ, ಕಾಗದದ ಮೇಲೆ ಊರಿ ಒತ್ತಿದಳು.