ಸೋಮವಾರ ಇಲ್ಲದ ಪಾಳಿ

ಅಣ್ಣ ಅಡಿವೆಯ್ಯನ ಮಗಳು ಸುಮಿತಾ ಕಾಲೇಜಿಗೆ ಹೋಗಲೇಬೇಕು ಎಂದು ಪಟ್ಟು ಹಿಡಿದವಳು ನಾನು. ಕಾಲೇಜು ಇರುವ ಬಂಗೂರನಗರದ ನಮ್ಮ ಮನೆಯಲ್ಲೇ ಇರಲಿ, ಡಿಗ್ರಿ ಮುಗಿಸಲಿ, ನಾಳೆ ಗಂಡಿನ ಕಡೆಯವರು ಕೇಳಿದರೆ ಹೇಳಲು ಒಂದು ಮಾತಿರಲಿ ಎಂಬುದು ನನ್ನ ಲೆಕ್ಕ. ಅಣ್ಣನಿಗೆ ಇದು ಸೇರದು. ಪಿಯುಸಿ ಮುಗಿಸಿ, ಮೊಬೈಲಿನಲ್ಲಿ ಪಾಠ ನೋಡಿ ತಾನೇ ಪ್ರೋಗ್ರಾಮಿಂಗ್ ಕಲಿತ ಹುಡುಗಿ. ಹುಬ್ಬಳ್ಳಿಯ ಒಂದು ಆಫೀಸಿನವರು ಕೆಲಸಕ್ಕೂ ಕರೆದಿದ್ದರು.

"ಈಜು ಬಂದಾಕಿಗೆ ದಂಡಿ ಮ್ಯಾಲ ಕುಂದರಿಸಿ ಏನ್ ಕಲಸ್ತಾರ?" ಎನ್ನುತ್ತಿದ್ದ ಅಣ್ಣ.

ಸುಮಿತಾಳೂ ನಗುತ್ತಿದ್ದಳು. "ಅತ್ತಿ, ಅಲ್ಲಿ ಹೇಳೂದು ನನಗ ಆಗ್ಲೇ ಬರ್ತೈತಿ. ಮೂರು ವರ್ಷ ಯಾಕ ಕುಂದರ್ಲಿ?"

ಅವಳ ಸೊಕ್ಕಿಗೆ ಕಾರಣವಿತ್ತು. ನಮ್ಮೂರು ತೇರಗಾಂವದಲ್ಲಿ ಬಿತ್ತನೆ ಬಂತೆಂದರೆ ಬಾಡಿಗೆ ಟ್ರ್ಯಾಕ್ಟರಿನ ಪಾಳಿಗಾಗಿ ಜಗಳ. ಪಾಳಿ ಹಂಚಲು ಇವಳು ಮಾಡಿಕೊಟ್ಟ ಆ್ಯಪ್ ಬಂದ ಮೇಲೆ ಊರು ತಣ್ಣಗಾಗಿತ್ತು. ಈ ಸಲ ಮುಂಡಗೋಡ ಕಡೆಯ ಟ್ರ್ಯಾಕ್ಟರಿನವರೂ ಅದನ್ನೇ ಕೇಳಿ ಹಾಕಿಸಿಕೊಂಡರು.

ಜೂನಿನಲ್ಲಿ ಅಲ್ಲಿಂದ ದುರ್ಗಪ್ಪ ಎಂಬ ರೈತನ ಫೋನು ಬಂತು. ನಾನು ಆಗ ಊರಲ್ಲೇ ಇದ್ದೆ.

"ತಂಗಿ, ಸೋಮವಾರ ಹೊಲ ಹದಕ್ಕ ಬಂದಿತ್ತು. ನಿನ್ನ ಆ್ಯಪ್‌ನ್ಯಾಗ ಟ್ರ್ಯಾಕ್ಟರ್ ಇಲ್ಲ ಅಂತ ಬಂತು. ಟ್ರ್ಯಾಕ್ಟರಿನವರು ನೋಡಿದ್ರ, ಯಾರೂ ಕರೀಲಿಲ್ಲ ಅಂತ ಗಾಡಿ ಮನಿ ಮುಂದ ನಿಲ್ಲಿಸ್ಕೊಂಡು ಕುಂತಿದ್ರು. ಮಂಗಳವಾರ ಹಿಡಿದ ಮಳಿ ಇನ್ನೂ ಬಿಟ್ಟಿಲ್ಲ. ಹೊಲ ಕೆಸರಾಗೇತಿ. ನನ್ನ ಬಿತ್ತಿಗಿ ಹೋತು."

ನಮ್ಮೂರಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ, ಅದು ಬಸವಣ್ಣನ ದಿನ. ಎತ್ತು ಹೋಗಿ ಟ್ರ್ಯಾಕ್ಟರ್ ಬಂದರೂ ರೂಢಿ ಹೋಗಿಲ್ಲ. ಸುಮಿತಾ ಪಾಳಿಯಲ್ಲಿ ಸೋಮವಾರವನ್ನು ಸೇರಿಸಿಯೇ ಇರಲಿಲ್ಲ. ಯೋಚಿಸಿ ಬಿಟ್ಟದ್ದಲ್ಲ, ಹೊಳೆದೇ ಇರಲಿಲ್ಲ. ನಮಗ್ಯಾರಿಗೂ ಹೊಳೆದಿರಲಿಲ್ಲ.

"ನಮ್ಮಲ್ಲಿ ಸೋಮವಾರ ಹೂಡಂಗಿಲ್ಲ, ಕಾಕಾ" ಎಂದಳು ಸಣ್ಣ ದನಿಯಲ್ಲಿ.

"ಎತ್ತಿಗೆ ನಾವೂ ಬಿಡುವು ಕೊಡ್ತೀವಿ. ಯಂತ್ರಕ್ಕ ಎಂಥಾ ಸೋಮವಾರ, ತಂಗಿ?"

ಆತ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅವಳು ಸೋಮವಾರ ಸೇರಿಸಲು ಕೂತಳು. ಒಂದು ಕಡೆ ಸರಿಮಾಡಿದರೆ ಇನ್ನೊಂದು ಕಡೆ ಕೆಡುತ್ತಿತ್ತು. ಊಟ ಬೇಡವೆಂದಳು. ನನಗೋ ಒಳಗೊಳಗೇ ಖುಷಿ, ಸುಳ್ಳು ಯಾಕೆ ಹೇಳಲಿ? ಈಗ ದಾರಿಗೆ ಬರುತ್ತಾಳೆ ಅಂದುಕೊಂಡೆ. ಬಂದಳು, ಆದರೆ ನನ್ನ ಕಾರಣಕ್ಕಲ್ಲ.

"ಅಪ್ಪಾ, ಹುಬ್ಬಳ್ಳಿಯವರಿಗೆ ಬರಂಗಿಲ್ಲ ಅಂತ ಹೇಳೇನಿ. ಕಾಲೇಜಿಗೆ ಹೋಗ್ತೇನಿ" ಎಂದಳು ಮರುದಿನ.

ಅಣ್ಣ ಸಿಟ್ಟಾದ. "ಯಾಕ? ಬರೂದನ್ನ ಮತ್ತ ಕಲೀಲಿಕ್ಕೇನು?"

"ನಾ ಬರದ ಕೋಡ್ ನೋಡಿ, ಯಾಕ ಹಿಂಗ ಬರದಿ ಅಂತ ಇಲ್ಲೀತನಾ ಯಾರೂ ಕೇಳಿಲ್ಲ. ಎಲ್ಲಾರೂ ಶಾಣ್ಯಾಕಿ ಅಂದ್ರಿ. ಕಾಲೇಜಿನ್ಯಾಗ ಬ್ಯಾರೆ ಬ್ಯಾರೆ ಊರವರು ಇರ್ತಾರ. ಒಬ್ಬರಾದ್ರೂ ಕೇಳ್ತಾರ."

"ತಪ್ಪಿದ್ರ ಎಲ್ಲಾರೂ ಕೂಡಿ ನಗ್ತಾರ, ನೋಡು."

"ನಗಲಿ ಅಪ್ಪಾ. ಅಲ್ಲಿ ತಪ್ಪಿದ್ರ ಯಾರದೂ ಹೊಲ ಹಾಳಾಗೂದಿಲ್ಲ."

'ನಾ ಹೇಳಿರಲಿಲ್ಲೇನು' ಎನ್ನಲು ತೆರೆದಿದ್ದ ಬಾಯಿಯನ್ನು ನಾನು ಮುಚ್ಚಿಕೊಂಡೆ. ನಾನು ಹೇಳಿದ್ದು ಇದನ್ನಲ್ಲ.